ರಕ್ತ ವಾಪಸ್ ಹರಿದಾಗಲೂ ಹೃದಯಕ್ಕೆ ಪೆಟ್ಟಾಗುತ್ತಾ?

ಪ್ರಶ್ನೆ: ಡಾಕ್ಟರೇ, ನಮ್ಮ ಅಪ್ಪನಿಗೆ 61 ವರ್ಷ. ಶುಗರ್ ಇದೆ. ನಮ್ಮದು ಅರಕಲಗೂಡಿನ ಹತ್ತಿರ ಒಂದು ಹಳ್ಳಿ. ಹೋದ ತಿಂಗಳು ಬೆಳಗಿನ ಜಾವ ನಾಲ್ಕು ಗಂಟೆಗೆ ಅಪ್ಪನಿಗೆ ಎದೆ ಹಿಡಿದ ಹಾಗಾಗಿ ಮೈಯೆಲ್ಲ ಬೆವರಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಏಳೂವರೆಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸಿಗೆ ಇಂಜೆಕ್ಷನ್ ಹಾಕಿಸಿದೆವು. ನೋವು ಹೋಗಲಿಲ್ಲ. ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಹೋದಾಗ ಹತ್ತೂವರೆ. ಇಸಿಜಿ ನೋಡಿದ ತಕ್ಷಣ ಒಳಗೆ ಕರೆದುಕೊಂಡು ಹೋಗಿ ಹನ್ನೊಂದಕ್ಕೆಲ್ಲ ಸ್ಟೆಂಟ್ ಹಾಕಿದರು. ಆಮೇಲೆ ಅಲ್ಲಿನ ಡಾಕ್ಟರು, "ಬ್ಲಾಕ್ ಪೂರ್ತಿ ತೆಗೆದಿದ್ದೇವೆ. ಆದರೆ ರಕ್ತ ವಾಪಸ್ ಹರಿಯುವಾಗಲೂ ಸ್ವಲ್ಪ ಡ್ಯಾಮೇಜ್ ಆಗಿದೆ, ಪಂಪಿಂಗ್ 38 ಇದೆ" ಅಂದರು. ನನಗೆ ಅರ್ಥವಾಗಲಿಲ್ಲ. ರಕ್ತ ಬಂದರೆ ಒಳ್ಳೆಯದೇ ಅಲ್ವಾ? ಹಾಗಾದರೆ ಸ್ಟೆಂಟ್ ಹಾಕಿಸಿದ್ದು ತಪ್ಪಾಯ್ತಾ? ಈ ಡ್ಯಾಮೇಜ್ ತಡೆಯೋಕೆ ಔಷಧ ಏನೂ ಇಲ್ವಾ? ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ ಬಿಗಿ ಮಾಡಿ ಬಿಟ್ಟರೆ ಹೃದಯಕ್ಕೆ ರಕ್ಷಣೆ ಸಿಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅಪ್ಪನಿಗೆ ದಿನಾ ಮಾಡಬಹುದಾ? ಅಮ್ಮ ಈಗಲೂ ಆ ಕಷಾಯ ನೆನೆಸಿಕೊಂಡು ಅಳುತ್ತಾರೆ.

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಿ. ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದಾಗ ಎಷ್ಟೋ ಸಲ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಹೊಟ್ಟೆ ಉಬ್ಬರ, ತೇಗು, ಬೆವರು, ಸುಸ್ತು ಅಂತ ಬರುತ್ತದೆ. ಹೊರಗಿನಿಂದ ನೋಡಿ ಇದು ಗ್ಯಾಸೋ ಹಾರ್ಟೋ ಅಂತ ಹೇಳುವುದು ಇಪ್ಪತ್ತು ವರ್ಷ ಅನುಭವ ಇರುವ ವೈದ್ಯರಿಗೂ ಆಗುವುದಿಲ್ಲ. ಅದಕ್ಕೆ ಇಸಿಜಿಯೇ ಬೇಕು. ಕಷಾಯ ಕೊಟ್ಟವರು ಪ್ರೀತಿಯಿಂದ ಕೊಟ್ಟರು. ಅದರಿಂದ ಹೃದಯಕ್ಕೆ ಏನೂ ಆಗಲಿಲ್ಲ. ಪೆಟ್ಟು ಕೊಟ್ಟಿದ್ದು ಕಳೆದುಹೋದ ಸಮಯ. ನಿಮ್ಮ ಪ್ರಶ್ನೆಗೆ ಉತ್ತರವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಎರಡನೆಯದು: ಸ್ಟೆಂಟ್ ಹಾಕಿಸಿದ್ದು ತಪ್ಪಲ್ಲ. ಖಂಡಿತ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದನ್ನು ಓದುವಾಗ ಗಾಬರಿಯಾಗಬಹುದು. ನಿಮ್ಮ ಡಾಕ್ಟರು ಹೇಳಿದ್ದು ನಿಜ. ರಕ್ತ ವಾಪಸ್ ಹರಿಯುವಾಗ ಹೃದಯದ ಸ್ನಾಯುವಿಗೆ ಬೇರೆಯದೇ ಒಂದು ಪೆಟ್ಟಾಗುತ್ತದೆ. ಇದನ್ನು ರೀಪರ್ಫ್ಯೂಷನ್ ಇಂಜುರಿ ಅನ್ನುತ್ತೇವೆ. ನಮ್ಮ ಮಾತಿನಲ್ಲಿ ಮರುಹರಿವಿನ ಪೆಟ್ಟು ಅಂತ ಇಟ್ಟುಕೊಳ್ಳೋಣ. ಆದರೆ ರಕ್ತ ಹರಿಯದೇ ಇದ್ದರೆ ಆಗುವ ಪೆಟ್ಟು ಇದಕ್ಕಿಂತ ಎಷ್ಟೋ ದೊಡ್ಡದು. ಇದಕ್ಕೆ ಹಳೆಯ, ಗಟ್ಟಿಯಾದ ಸಾಕ್ಷಿ ಇದೆ. 1988ರಲ್ಲಿ ಐಸಿಸ್-2 ಎಂಬ ಅಧ್ಯಯನದ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್ ಆಗಿರಬಹುದು ಅನ್ನಿಸಿದ 17,187 ಜನ ಅದರಲ್ಲಿದ್ದರು. ಆಸ್ಪಿರಿನ್ ಮಾತ್ರೆ, ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎರಡೂ ಸಿಗದವರಲ್ಲಿ ಐದು ವಾರದೊಳಗೆ ನೂರಕ್ಕೆ 13 ಜನ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ತೀರಿಕೊಂಡರು. ಎರಡೂ ಸಿಕ್ಕವರಲ್ಲಿ 8 ಜನ. ಮರುಹರಿವಿನ ಪೆಟ್ಟು ಆ ಕಾಲದಲ್ಲೂ ಇತ್ತು. ಅದನ್ನು ಸೇರಿಸಿಯೇ ಈ ಲೆಕ್ಕ. ನಾಳ ತೆರೆಯುವ ಔಷಧ ಸಿಕ್ಕವರಲ್ಲೇ ಹೆಚ್ಚು ಜನ ಉಳಿದರು.

ಈಗ ಪೆಟ್ಟು ಹೇಗಾಗುತ್ತದೆ ಅಂತ ನೋಡೋಣ. ಸ್ವಲ್ಪ ನಿಧಾನವಾಗಿ ಓದಿ.

ಹೃದಯದ ಎಡ ಕೆಳಕೋಣೆಯ ಗೋಡೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ದಪ್ಪ ಇರುತ್ತದೆ. ರಕ್ತನಾಳಗಳು ಹೊರಮೈ ಮೇಲೆ ಹರಡಿಕೊಂಡು, ಅಲ್ಲಿಂದ ಕೊಂಬೆ ಒಡೆದು ಒಳಕ್ಕೆ ಇಳಿಯುತ್ತವೆ. ಹಾಗಾಗಿ ನಾಳ ಮುಚ್ಚಿದಾಗ ಕೊನೆಯ ಸಾಲಿನಲ್ಲಿರುವ ಒಳಪದರ ಮೊದಲು ಸಾಯುತ್ತದೆ. ಕಾಲುವೆಯ ಕೊನೆಯ ಗದ್ದೆ ಮೊದಲು ಒಣಗುವ ಹಾಗೆ. ಆಮೇಲೆ ಸಾವು ಒಳಗಿನಿಂದ ಹೊರಕ್ಕೆ ಹರಡುತ್ತಾ ಬರುತ್ತದೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರೈಮರ್ ಮತ್ತು ಜೆನ್ನಿಂಗ್ಸ್, 1977ರಲ್ಲಿ, ನಾಯಿಗಳ ಹೃದಯದಲ್ಲಿ. ನಾಳವನ್ನು 40 ನಿಮಿಷ ಕಟ್ಟಿ ಬಿಟ್ಟಾಗ ಅಪಾಯದಲ್ಲಿದ್ದ ಸ್ನಾಯುವಿನಲ್ಲಿ ಶೇಕಡ 38ರಷ್ಟು ಸತ್ತಿತ್ತು. 3 ಗಂಟೆಗೆ 57. 6 ಗಂಟೆಗೆ 71. ಬಿಚ್ಚದೇ 24 ಗಂಟೆ ಬಿಟ್ಟರೆ 85. ಈ ನಾಲ್ಕು ಸಂಖ್ಯೆಗಳನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇನೆ. ಮೊದಲ 40 ನಿಮಿಷದಲ್ಲಿ ಎಷ್ಟು ಹೋಯಿತು ನೋಡಿ. ಹಾಗೆಯೇ 6 ಗಂಟೆಯ ಹೊತ್ತಿಗೂ ಎಷ್ಟು ಉಳಿದಿತ್ತು ಅದನ್ನೂ ನೋಡಿ. ಮನುಷ್ಯರಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಒಂದಿಷ್ಟು ರಕ್ತ ಸಿಗುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಆದರೆ ದಿಕ್ಕು ಇದೇ.

ರಕ್ತ ಸಿಗದ ಆ ಹೊತ್ತಿನಲ್ಲಿ ಒಂದೊಂದು ಜೀವಕೋಶದೊಳಗೂ ಏನಾಗುತ್ತಿರುತ್ತದೆ? ಆಮ್ಲಜನಕ ಇಲ್ಲ, ಹಾಗಾಗಿ ಶಕ್ತಿ ತಯಾರಾಗುವುದಿಲ್ಲ. ಕೋಶ ಅರೆಬರೆ ದಾರಿಯಲ್ಲಿ ಸಕ್ಕರೆ ಒಡೆದು ಜೀವ ಹಿಡಿದುಕೊಳ್ಳುತ್ತದೆ. ಅದರಿಂದ ಆಮ್ಲ ತುಂಬುತ್ತದೆ, ಅಂದರೆ ಒಳಗೆಲ್ಲ ಹುಳಿ. ಈ ಹುಳಿಯನ್ನು ಹೊರಹಾಕಲು ಹೋಗಿ ಕೋಶ ಸೋಡಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೋಡಿಯಂ ಹೊರಹಾಕಲು ಹೋಗಿ ಕ್ಯಾಲ್ಸಿಯಂ ಬಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಅಂದರೆ ಸ್ನಾಯುವಿಗೆ "ಬಿಗಿಯಾಗು" ಅನ್ನುವ ಅಪ್ಪಣೆ. ಆದರೆ ಬಿಗಿಯಾಗಲು ಶಕ್ತಿ ಇಲ್ಲ, ಜೊತೆಗೆ ಹುಳಿ ತಡೆ ಹಾಕಿರುತ್ತದೆ. ಕೋಶ ಸುಮ್ನೆ ಬಿದ್ದಿರುತ್ತದೆ.

ಈಗ ಬಲೂನ್ ಉಬ್ಬಿಸಿ ನಾಳ ತೆರೆದೆವು ಅನ್ನಿ. ರಕ್ತ ನುಗ್ಗುತ್ತದೆ. ಹುಳಿಯೆಲ್ಲ ಕೆಲವೇ ನಿಮಿಷಗಳಲ್ಲಿ ತೊಳೆದುಹೋಗುತ್ತದೆ. ತಡೆ ಹೋಯಿತು, ಶಕ್ತಿ ಬಂತು, ಕ್ಯಾಲ್ಸಿಯಂ ಮಾತ್ರ ಇನ್ನೂ ತುಂಬಿಕೊಂಡೇ ಇದೆ. ಸ್ನಾಯು ಒಮ್ಮೆಲೇ ಹಿಂಡಿಕೊಳ್ಳುತ್ತದೆ. ಎಷ್ಟು ಬಿಗಿಯಾಗಿ ಅಂದರೆ ಕೋಶದ ಪೊರೆಯೇ ಹರಿಯಬಹುದು. ಇನ್ನೊಂದು ಕಡೆ, ಅಷ್ಟು ಹೊತ್ತು ಖಾಲಿ ಕೂತಿದ್ದ ಮೈಟೋಕಾಂಡ್ರಿಯಾಗಳಿಗೆ (ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು) ಆಮ್ಲಜನಕ ಸಿಕ್ಕಿದ ಕೂಡಲೇ ಕೋಶಕ್ಕೆ ಹಾನಿ ಮಾಡುವ ಫ್ರೀ ರ್‍ಯಾಡಿಕಲ್‌ಗಳು ಕಿಡಿಗಳಂತೆ ಸಿಡಿಯುತ್ತವೆ. ಈ ಕಿಡಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ 2014ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಒಳ್ಳೆಯ ಸುಳಿವು ಕೊಟ್ಟರು. ರಕ್ತ ಇಲ್ಲದಾಗ ಸಕ್ಸಿನೇಟ್ ಎಂಬ ಪದಾರ್ಥ ಕೋಶದಲ್ಲಿ ರಾಶಿ ಬೀಳುತ್ತದೆ, ರಕ್ತ ಬಂದ ತಕ್ಷಣ ಅದು ಒಂದೇ ಸಲ ಉರಿಯುತ್ತದೆ ಅಂತ. ಕ್ಯಾಲ್ಸಿಯಂ ಮತ್ತು ಈ ಕಿಡಿ ಎರಡೂ ಸೇರಿದರೆ ಮೈಟೋಕಾಂಡ್ರಿಯಾದ ಗೋಡೆಯಲ್ಲಿ ಒಂದು ರಂಧ್ರ ತೆರೆದುಕೊಳ್ಳುತ್ತದೆ. ನೀರು ನುಗ್ಗಿ ಅದು ಊದಿ ಒಡೆಯುತ್ತದೆ. ಹುಳಿ ಇದ್ದಷ್ಟು ಹೊತ್ತು ಈ ರಂಧ್ರ ಮುಚ್ಚಿರುತ್ತದೆ ಅನ್ನುವುದು ವಿಚಿತ್ರವಾದರೂ ನಿಜ. ಕೋಶವನ್ನು ಕೊಲ್ಲುತ್ತಿದ್ದ ಹುಳಿಯೇ ಅದನ್ನು ಕಾಯುತ್ತಲೂ ಇತ್ತು.

ಉಪವಾಸ ಬಿದ್ದು ಬಳಲಿದವರಿಗೆ ನಮ್ಮ ಹಿರಿಯರು ಮೊದಲು ಗಂಜಿಯ ತಿಳಿ ಕೊಡುತ್ತಿದ್ದರು, ಹೋಳಿಗೆ ಊಟ ಬಡಿಸುತ್ತಿರಲಿಲ್ಲ. ಹಸಿದ ಹೃದಯಕ್ಕೆ ನಾವು ಕೊಡುವುದು ಒಮ್ಮೆಲೇ ಎಲೆ ತುಂಬ ಊಟ.

ಸ್ಟೆಂಟ್ ಹಾಕುವ ಕೋಣೆಯಾದ ಕ್ಯಾತ್ ಲ್ಯಾಬಿನಲ್ಲಿ ಈ ಕ್ಷಣ ಕಣ್ಣಿಗೇ ಕಾಣುತ್ತದೆ. ಬಲೂನ್ ಇಳಿಸಿ ಬಣ್ಣದ ದ್ರವ ಬಿಡುತ್ತೇವೆ. ಮುಚ್ಚಿಹೋಗಿದ್ದ ನಾಳ ಪರದೆಯ ಮೇಲೆ ಉದ್ದಕ್ಕೂ ಕಪ್ಪಗೆ ಮೂಡುತ್ತದೆ. ಎಲ್ಲರೂ ಉಸಿರು ಬಿಡುತ್ತೇವೆ. ಅರ್ಧ ನಿಮಿಷದೊಳಗೆ ಮಾನಿಟರಿನಲ್ಲಿ ಮೊನಚು ಗೆರೆಗಳ ಬದಲು ಅಗಲವಾದ, ಮಂದವಾದ ಅಲೆಗಳು ಶುರುವಾಗುತ್ತವೆ. ಹೊಸದಾಗಿ ಬಂದ ನರ್ಸ್ ಗಾಬರಿಯಾಗುತ್ತಾರೆ. ಅದು ಹೆಚ್ಚಾಗಿ ತಾನಾಗಿಯೇ ಸರಿಹೋಗುತ್ತದೆ, ರಕ್ತ ಹರಿಯಿತು ಅನ್ನುವುದಕ್ಕೆ ಅದೇ ಒಂದು ಗುರುತು. ಕೆಲವರಿಗೆ ಬಿಪಿ ಒಮ್ಮೆಲೇ ಬೀಳುತ್ತದೆ. ಒಬ್ಬ ರೈತರು ಮೇಜಿನ ಮೇಲೆ ಮಲಗಿದ್ದಲ್ಲೇ ನನ್ನ ಕೈ ಹಿಡಿದು, "ಸ್ವಾಮಿ, ಈಗ ನೋವು ಜಾಸ್ತಿ ಆಯ್ತಲ್ಲ" ಅಂದಿದ್ದರು. ನಾಳ ತೆರೆದು ಒಂದು ನಿಮಿಷವೂ ಆಗಿರಲಿಲ್ಲ. ಹತ್ತು ನಿಮಿಷದಲ್ಲಿ ನೋವು ಪೂರ್ತಿ ಇಳಿಯಿತು. ಆ ಹತ್ತು ನಿಮಿಷ ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಇನ್ನೊಂದು ನೋಟ ಇದೆ, ಅದು ನಮಗೆ ಬಹಳ ಬೇಸರ ತರುತ್ತದೆ. ಸ್ಟೆಂಟ್ ಚೆನ್ನಾಗಿ ಕೂತಿದೆ, ಬ್ಲಾಕ್ ಎಲ್ಲೂ ಇಲ್ಲ, ಆದರೆ ಬಣ್ಣ ನಾಳದ ತುದಿಗೆ ಹೋಗಿ ನಿಂತುಬಿಡುತ್ತದೆ. ಮುಂದಕ್ಕೆ ಸ್ನಾಯುವಿಗೆ ಇಳಿಯುವುದಿಲ್ಲ. ಹೆದ್ದಾರಿ ತೆರೆದಿದೆ, ಊರೊಳಗಿನ ಓಣಿಗಳು ಮುಚ್ಚಿವೆ. ಹೆಪ್ಪಿನ ಚೂರುಗಳು, ಊದಿದ ಕೋಶಗಳು, ಗುಂಪುಗೂಡಿದ ಬಿಳಿ ರಕ್ತಕಣಗಳು ಎಲ್ಲ ಸೇರಿ ಕೂದಲಿಗಿಂತ ತೆಳುವಾದ ನಾಳಗಳನ್ನು ಮುಚ್ಚಿರುತ್ತವೆ. ಇದಕ್ಕೆ ನೋ-ರಿಫ್ಲೋ ಅಂತ ಹೆಸರು. 1974ರಲ್ಲೇ ನಾಯಿಗಳ ಹೃದಯದಲ್ಲಿ ಇದನ್ನು ತೋರಿಸಿದ್ದರು. 40 ನಿಮಿಷ ಕಟ್ಟಿ ಬಿಚ್ಚಿದಾಗ ರಕ್ತ ಎಲ್ಲ ಕಡೆ ಹರಿಯಿತು. 90 ನಿಮಿಷ ಕಟ್ಟಿ ಬಿಚ್ಚಿದಾಗ ಒಳಪದರದ ಕೆಲವು ಕಡೆ ಹರಿಯಲೇ ಇಲ್ಲ. ಇಂಥ ಹೊತ್ತಿನಲ್ಲಿ ನಾವು ಆ ನಾಳದೊಳಗೇ ಅಡೆನೊಸಿನ್, ನೈಟ್ರೋಪ್ರಸೈಡ್ ಥರದ ಔಷಧ ಬಿಡುತ್ತೇವೆ. ಎಷ್ಟೋ ಸಲ ಹರಿವು ಸುಧಾರಿಸುತ್ತದೆ. ಯಾವಾಗಲೂ ಅಲ್ಲ.

ಒಟ್ಟು ಹಾನಿಯಲ್ಲಿ ಮರುಹರಿವಿನ ಪಾಲು ಎಷ್ಟು? ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ, ಕೊನೆಗೆ ಸಾಯುವ ಸ್ನಾಯುವಿನ ಅರ್ಧದವರೆಗೂ ಇದರ ಪಾಲು ಇರಬಹುದು ಅಂತ ಅಂದಾಜು. ಅದಕ್ಕೇ ಐವತ್ತು ಅರವತ್ತು ವರ್ಷಗಳಿಂದ ಇದರ ಹಿಂದೆ ಇಷ್ಟು ಜನ ಬಿದ್ದಿರುವುದು.

ಈಗ ನಿಮ್ಮ ಮೂರನೇ ಪ್ರಶ್ನೆ: ತಡೆಯೋಕೆ ಔಷಧ ಇಲ್ವಾ? ಈ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ನೋಡಿದ ಬಿಪಿ ಪಟ್ಟಿ ಇದರೊಳಗೇ ಬರುತ್ತದೆ.

1986ರಲ್ಲಿ ಅದೇ ಡ್ಯೂಕಿನ ತಂಡ, ಮರ್ರಿ, ಜೆನ್ನಿಂಗ್ಸ್ ಮತ್ತು ರೈಮರ್, ಒಂದು ವಿಚಿತ್ರ ಕಂಡರು. ನಾಯಿಯ ನಾಳವನ್ನು ಮೊದಲು 5 ನಿಮಿಷ ಕಟ್ಟಿ 5 ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದರು. ಆಮೇಲೆ 40 ನಿಮಿಷ ಕಟ್ಟಿದರು. ಜಾಸ್ತಿ ಸಲ ಕಟ್ಟಿದ್ದರಿಂದ ಹಾನಿ ಜಾಸ್ತಿ ಆಗಬೇಕಿತ್ತು ಅಲ್ವಾ? ಆದರೆ ಸತ್ತ ಭಾಗ ಮಾಮೂಲಿಗಿಂತ ನಾಲ್ಕನೇ ಒಂದು ಪಾಲಿಗೆ ಇಳಿದಿತ್ತು. ಸಣ್ಣ ಸಣ್ಣ ಪೆಟ್ಟು ತಿಂದ ಹೃದಯ ದೊಡ್ಡ ಪೆಟ್ಟಿಗೆ ತಯಾರಾಗಿತ್ತು. ಇದನ್ನು ಪ್ರೀಕಂಡಿಷನಿಂಗ್ ಅನ್ನುತ್ತಾರೆ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಸಾಲೂ ಇತ್ತು, ಜನ ಅದನ್ನು ಬೇಗ ಮರೆತರು. ನಾಳವನ್ನು 40 ನಿಮಿಷದ ಬದಲು 3 ಗಂಟೆ ಕಟ್ಟಿದರೆ ಈ ಲಾಭ ಸಿಗಲಿಲ್ಲ.

ಪ್ರೀಕಂಡಿಷನಿಂಗಿನ ತೊಂದರೆ ನಿಮಗೂ ಹೊಳೆದಿರಬಹುದು. ಹಾರ್ಟ್ ಅಟ್ಯಾಕ್ ಹೇಳಿ ಬರುವುದಿಲ್ಲ, ಮೊದಲೇ ತಯಾರಿ ಮಾಡುವುದು ಹೇಗೆ? 2003ರಲ್ಲಿ ಜಾವೊ ಮತ್ತು ವಿಂಟನ್-ಯೊಹಾನ್ಸನ್ ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ನಾಳ ಬಿಚ್ಚುವಾಗ ಒಮ್ಮೆಲೇ ಬಿಚ್ಚದೆ, 30 ಸೆಕೆಂಡು ಬಿಟ್ಟು 30 ಸೆಕೆಂಡು ಕಟ್ಟಿ, ಮೂರು ಸಲ ಹಾಗೆ ಮಾಡಿ ಆಮೇಲೆ ಪೂರ್ತಿ ಬಿಟ್ಟರು. ಗಂಜಿ ಮೊದಲು, ಊಟ ಆಮೇಲೆ. ನಾಯಿಗಳಲ್ಲಿ ಸತ್ತ ಭಾಗ ಶೇಕಡ 44ರಷ್ಟು ಕಡಿಮೆಯಾಯಿತು. ಎರಡೇ ವರ್ಷದಲ್ಲಿ ಫ್ರಾನ್ಸಿನ ವೈದ್ಯರು 30 ರೋಗಿಗಳಲ್ಲಿ ಬಲೂನ್ ಉಬ್ಬಿಸಿ ಇಳಿಸಿ ಇದೇ ಥರ ಮಾಡಿ ಒಳ್ಳೆಯ ಫಲಿತಾಂಶ ಕಂಡರು. ನಾವೆಲ್ಲ ಆಸೆಯಿಂದ ಕಾಯುತ್ತಿದ್ದ ಕಾಲ ಅದು. ಹೊಸ ಯಂತ್ರ ಬೇಡ, ದುಬಾರಿ ಔಷಧ ಬೇಡ, ಕೈಯಲ್ಲಿರುವ ಬಲೂನೇ ಸಾಕು.

ಇದೇ ಹೊತ್ತಿಗೆ ಮೂರನೇ ದಾರಿಯೂ ಬೆಳೆಯುತ್ತಿತ್ತು. ಪೆಟ್ಟು ಹೃದಯಕ್ಕೇ ಕೊಡಬೇಕಿಲ್ಲ, ತೋಳಿಗೆ ಕೊಟ್ಟರೂ ಸಾಕು ಅನ್ನುವುದು. ಬಿಪಿ ಪಟ್ಟಿಯನ್ನು ತೋಳಿಗೆ ಕಟ್ಟಿ 200ಕ್ಕೆ ಏರಿಸಿ 5 ನಿಮಿಷ ಬಿಗಿ ಮಾಡುವುದು, 5 ನಿಮಿಷ ಬಿಡುವುದು, ನಾಲ್ಕು ಸಲ. ತೋಳಿನಿಂದ ಹೊರಟ ಸಂದೇಶ ರಕ್ತ ಮತ್ತು ನರಗಳ ಮೂಲಕ ಹೃದಯಕ್ಕೆ ತಲುಪುತ್ತದೆ. 2010ರಲ್ಲಿ ಡೆನ್ಮಾರ್ಕಿನ ವೈದ್ಯರು ಆಂಬ್ಯುಲೆನ್ಸಿನಲ್ಲೇ ಇದನ್ನು ಮಾಡಿ, ಉಳಿದ ಸ್ನಾಯು ಜಾಸ್ತಿ ಅಂತ ತೋರಿಸಿದರು. ನಿಮ್ಮ ವಿಡಿಯೋ ಬಹುಶಃ ಇದರ ಬಗ್ಗೆಯೇ ಇರಬೇಕು. ವಿಡಿಯೋ ಸುಳ್ಳು ಹೇಳಲಿಲ್ಲ. ಅರ್ಧ ಕಥೆ ಹೇಳಿ ನಿಲ್ಲಿಸಿತು.

ಉಳಿದರ್ಧ ಹೀಗಿದೆ. 2019ರಲ್ಲಿ ಬ್ರಿಟನ್, ಡೆನ್ಮಾರ್ಕ್, ಸ್ಪೇನ್, ಸರ್ಬಿಯಾ ದೇಶಗಳ ದೊಡ್ಡ ಅಧ್ಯಯನ ಬಂತು. ಹಾರ್ಟ್ ಅಟ್ಯಾಕ್ ಆಗಿ ಆಂಜಿಯೋಪ್ಲಾಸ್ಟಿಗೆ ಬಂದ 5,401 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೋಳಿನ ಪಟ್ಟಿ ಹಾಕಿದರು. ಒಂದು ವರ್ಷದಲ್ಲಿ ಹೃದಯದ ಕಾರಣಕ್ಕೆ ತೀರಿಕೊಂಡವರು ಅಥವಾ ಹಾರ್ಟ್ ಫೇಲ್ಯೂರ್ ಆಗಿ ಮತ್ತೆ ಆಸ್ಪತ್ರೆ ಸೇರಿದವರನ್ನು ಲೆಕ್ಕ ಹಾಕಿದರೆ, ಪಟ್ಟಿ ಹಾಕದವರಲ್ಲಿ ನೂರಕ್ಕೆ 8.6, ಹಾಕಿದವರಲ್ಲಿ 9.4. ಲಾಭ ಇಲ್ಲ. ಬಲೂನ್ ಬಿಟ್ಟು ಬಿಟ್ಟು ಉಬ್ಬಿಸುವ ವಿಧಾನವನ್ನೂ ಡೆನ್ಮಾರ್ಕಿನಲ್ಲಿ 1,200ಕ್ಕೂ ಹೆಚ್ಚು ಜನರಲ್ಲಿ ನೋಡಿದರು. ಅಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೈಟೋಕಾಂಡ್ರಿಯಾದ ಆ ರಂಧ್ರ ಮುಚ್ಚುವ ಸೈಕ್ಲೋಸ್ಪೋರಿನ್ ಎಂಬ ಔಷಧದ್ದೂ ಇದೇ ಕಥೆ. 2008ರಲ್ಲಿ 58 ರೋಗಿಗಳಲ್ಲಿ ಬಹಳ ಆಸೆ ಹುಟ್ಟಿಸಿತು. 2015ರಲ್ಲಿ 970 ರೋಗಿಗಳಲ್ಲಿ ಕೊಟ್ಟು ನೋಡಿದಾಗ ಏನೂ ಸಿಗಲಿಲ್ಲ. ಹೆಪ್ಪನ್ನು ಮೊದಲು ಹೀರಿ ತೆಗೆದರೆ ಚೂರುಗಳು ಮುಂದೆ ಹೋಗುವುದಿಲ್ಲ ಅಂದುಕೊಂಡಿದ್ದೆವು. ಎಲ್ಲರಿಗೂ ಹಾಗೆ ಮಾಡುವುದರಿಂದ ಲಾಭ ಇಲ್ಲ ಅಂತ ಅದೂ ಗೊತ್ತಾಯಿತು.

ಆಮ್ಲಜನಕದ ವಿಷಯವನ್ನೂ ಹೇಳಬೇಕು, ಯಾಕೆಂದರೆ ಮೂಗಿಗೆ ಆಕ್ಸಿಜನ್ ಹಾಕಲಿಲ್ಲ ಅಂತ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಸ್ವೀಡನ್ನಿನಲ್ಲಿ 6,629 ಜನರಲ್ಲಿ ನೋಡಿ 2017ರಲ್ಲಿ ಫಲಿತಾಂಶ ಕೊಟ್ಟರು. ರಕ್ತದಲ್ಲಿ ಆಮ್ಲಜನಕ 90 ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೆ ಹೆಚ್ಚುವರಿ ಆಕ್ಸಿಜನ್‌ನಿಂದ ಒಂದು ವರ್ಷದ ಸಾವಿನ ಲೆಕ್ಕದಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಕಡಿಮೆ ಇದ್ದವರಿಗೆ ಮಾತ್ರ ಕೊಡುತ್ತೇವೆ. ಹಾಗಾಗಿ ಮುಖಕ್ಕೆ ಮಾಸ್ಕ್ ಹಾಕಲಿಲ್ಲ ಅಂದರೆ ನಿರ್ಲಕ್ಷ್ಯ ಮಾಡಿದರು ಅಂತ ಅರ್ಥವಲ್ಲ.

ಪ್ರಾಣಿಗಳಲ್ಲಿ ಗೆದ್ದಿದ್ದು ಮನುಷ್ಯರಲ್ಲಿ ಯಾಕೆ ಸೋಲುತ್ತದೆ? ನನಗೆ ಅನ್ನಿಸುವ ದೊಡ್ಡ ಕಾರಣ ಸಮಯವೇ. ಪ್ರಯೋಗದ ನಾಯಿಗೆ ವಯಸ್ಸು ಚಿಕ್ಕದು, ಶುಗರ್ ಇಲ್ಲ, ಬಿಪಿ ಇಲ್ಲ, ಬೀಡಿ ಸೇದಿಲ್ಲ. ನಾಳ ಎಷ್ಟು ನಿಮಿಷ ಮುಚ್ಚಿತ್ತು ಅನ್ನುವುದು ಗಡಿಯಾರ ಹಿಡಿದು ಗೊತ್ತು. ನಮ್ಮ ರೋಗಿ 61 ವರ್ಷದವರು, ಶುಗರ್ ಇದೆ, ನಾಲ್ಕೋ ಏಳೋ ಗಂಟೆ ಕಳೆದಿದೆ. ಉಳಿಸಲು ಅಪಾಯದಲ್ಲಿರುವ ಸ್ನಾಯು ಬೇಕಲ್ಲ, ಅದರಲ್ಲಿ ಬಹುಪಾಲು ಆಗಲೇ ಹೋಗಿರುತ್ತದೆ. ಶುಗರ್ ಇರುವ ಹೃದಯಕ್ಕೆ ಈ ಎಚ್ಚರಿಕೆಯ ಸಂದೇಶಗಳು ಸರಿಯಾಗಿ ಕೇಳಿಸುವುದೂ ಇಲ್ಲ. ಶುಗರಿನ ಹಳೆಯ ಮಾತ್ರೆ ಗ್ಲೈಬೆಂಕ್ಲಮೈಡ್ ಈ ರಕ್ಷಣೆಯ ದಾರಿಯನ್ನೇ ಮುಚ್ಚುತ್ತದೆ ಅನ್ನುವುದು ಪ್ರಯೋಗಗಳಲ್ಲಿ ಕಂಡಿದೆ. (ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರ ಹತ್ತಿರ ಕೇಳಿ.) ಇನ್ನೊಂದು ಸಂತೋಷದ ಕಾರಣವೂ ಇದೆ. ಈಗಿನ ಚಿಕಿತ್ಸೆಯೇ ಇಷ್ಟು ಸುಧಾರಿಸಿದೆ ಅಂದರೆ ಅದರ ಮೇಲೆ ಹೊಸದೊಂದರ ಲಾಭ ತೋರಿಸುವುದೇ ಕಷ್ಟ.

ಸಮಯ ವೈದ್ಯರ ಕೈಯಲ್ಲೇ ಇರುವ ಕಡೆ ಹೃದಯದ ರಕ್ಷಣೆ ನಿಜವಾಗಿ ಕೆಲಸ ಮಾಡುತ್ತದೆ. ಬೈಪಾಸ್ ಆಪರೇಷನ್ನಿನಲ್ಲಿ ಹೆಚ್ಚಾಗಿ ಹೃದಯವನ್ನು ಬೇಕಂತಲೇ ನಿಲ್ಲಿಸುತ್ತಾರೆ. ಪೊಟ್ಯಾಸಿಯಂ ಇರುವ ತಣ್ಣನೆಯ ದ್ರವವನ್ನು ಹೃದಯದ ನಾಳಗಳೊಳಗೆ ಬಿಡುತ್ತಾರೆ, ಬಡಿತ ನಿಂತು ಹೃದಯ ಸಡಿಲವಾಗುತ್ತದೆ. ಇದಕ್ಕೆ ಕಾರ್ಡಿಯೋಪ್ಲೀಜಿಯಾ ಅನ್ನುತ್ತಾರೆ. ಬಡಿಯದ, ತಣ್ಣಗಿರುವ ಹೃದಯಕ್ಕೆ ಶಕ್ತಿ ಬಹಳ ಕಡಿಮೆ ಸಾಕು. ಕೆಲವು ಸರ್ಜನ್‌ಗಳು ರಕ್ತ ತಡೆಯಲು ಹಾಕಿದ ಕ್ಲ್ಯಾಂಪ್ ಬಿಚ್ಚುವ ಮುಂಚೆ ಬೆಚ್ಚನೆಯ ರಕ್ತ ಬೆರೆಸಿದ ದ್ರವವನ್ನು ಕೊಟ್ಟು ಸ್ನಾಯುವನ್ನು ತಯಾರು ಮಾಡಿಕೊಳ್ಳುತ್ತಾರೆ. ಒಂದೆರಡು ಗಂಟೆ ನಿಂತ ಹೃದಯ ಮತ್ತೆ ಬಡಿಯಲು ಶುರುವಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ದಾನಿಯ ಹೃದಯವನ್ನು ಐಸಿನ ಪೆಟ್ಟಿಗೆಯಲ್ಲಿ ಇಟ್ಟು ಬೆಂಗಳೂರಿನ ರಸ್ತೆಗಳಲ್ಲಿ ಗ್ರೀನ್ ಕಾರಿಡಾರ್ ಮಾಡಿ ಓಡಿಸುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಸುಮಾರು 4 ಗಂಟೆಯೊಳಗೆ ಅದು ಇನ್ನೊಂದು ಎದೆಯಲ್ಲಿ ರಕ್ತ ಕುಡಿಯಬೇಕು. ಅಲ್ಲಿ ಗಡಿಯಾರ ಶುರುವಾದ ಕ್ಷಣ ಎಲ್ಲರಿಗೂ ಗೊತ್ತು. ಅದಕ್ಕೇ ಟ್ರಾಫಿಕ್ಕೇ ನಿಲ್ಲುತ್ತದೆ.

ನಿಮ್ಮ ಅಪ್ಪನ ಗಡಿಯಾರ ಬೆಳಿಗ್ಗೆ ನಾಲ್ಕಕ್ಕೆ ಶುರುವಾಗಿತ್ತು. ಹನ್ನೊಂದಕ್ಕೆ ನಾಳ ತೆರೆಯಿತು. ಏಳು ಗಂಟೆ. ಒಳಗೆ ಹೋದ ಮೇಲೆ ಆಸ್ಪತ್ರೆಯವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ದಾರೆ, ಅದು ಬಹಳ ಒಳ್ಳೆಯ ವೇಗ. ನೋವು ಶುರುವಾದ 12 ಗಂಟೆಯೊಳಗೆ ಬಂದವರಿಗೆ ನಾಳ ತೆರೆಯುವುದರಿಂದ ಲಾಭ ಇದ್ದೇ ಇದೆ. ಆದರೆ ಬೇಗ ತೆರೆದಷ್ಟೂ ಎರಡು ಪೆಟ್ಟುಗಳೂ ಚಿಕ್ಕದಾಗುತ್ತವೆ. ಕಡಿಮೆ ಹೊತ್ತು ಹಸಿದ ಕೋಶದಲ್ಲಿ ಹುಳಿ ಕಡಿಮೆ, ಕ್ಯಾಲ್ಸಿಯಂ ಕಡಿಮೆ, ರಾಶಿ ಬಿದ್ದ ಸಕ್ಸಿನೇಟೂ ಕಡಿಮೆ. ಹಾಗಾಗಿ ರಕ್ತ ಬಂದಾಗ ಸಿಡಿಯುವ ಕಿಡಿಯೂ ಕಡಿಮೆ. ಮರುಹರಿವಿನ ಪೆಟ್ಟಿಗೆ ಹೆದರಿ ಯಾರೂ ನಿಧಾನ ಮಾಡಬಾರದು. ಆ ಪೆಟ್ಟಿಗೆ ಇವತ್ತು ನಮ್ಮ ಕೈಯಲ್ಲಿರುವ ಒಳ್ಳೆಯ ಔಷಧ ಬೇಗ ಹೋಗುವುದೇ.

ನಿಮ್ಮ ಊರಿಗೆ ಇದು ಹೇಗೆ ಅನ್ವಯಿಸುತ್ತದೆ? ಅಲ್ಲಿಂದ ಮೈಸೂರಿಗೆ ಎರಡು ಗಂಟೆಗೂ ಮೇಲೆ ಬೇಕು. ಇಂಥ ದೂರದವರಿಗೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ಆಂಬ್ಯುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುವುದು ಸರಿಯಾದ ದಾರಿ. ನಮ್ಮ ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ಯೋಜನೆಗೆ ಸೇರಿದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ಕೇಂದ್ರ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೌದು ಅಂದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹಳೆಯ ಸ್ಟ್ರೆಪ್ಟೋಕೈನೇಸನ್ನು ಡ್ರಿಪ್ಪಿನಲ್ಲಿ ಅರ್ಧದಿಂದ ಒಂದು ಗಂಟೆ ಹರಿಸಬೇಕಿತ್ತು. ಇದನ್ನು ತೂಕ ನೋಡಿ ಒಂದೇ ಸಲಕ್ಕೆ ಕೊಟ್ಟುಬಿಡುತ್ತಾರೆ. ಅಕ್ಕಪಕ್ಕದ ಮನೆಯವರಿಗೂ ಇದನ್ನು ಹೇಳಿಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಈ ಇಂಜೆಕ್ಷನ್ ಸಿಗುತ್ತದಾ ಅಂತ ಇವತ್ತೇ ಹೋಗಿ ಕೇಳಿಟ್ಟುಕೊಳ್ಳಿ. ಎದೆ ಹಿಡಿದ ರಾತ್ರಿ ಕೇಳಲು ಹೊತ್ತಿರುವುದಿಲ್ಲ. ಬಾಡಿಗೆ ಕಾರಿಗಿಂತ 108 ಒಳ್ಳೆಯದು, ದಾರಿಯಲ್ಲಿ ಬಡಿತ ತಪ್ಪಿದರೆ ನೋಡುವವರು ಅದರಲ್ಲಿ ಇರುತ್ತಾರೆ.

ಅಪ್ಪನಿಗೆ ತೋಳಿನ ಪಟ್ಟಿ ಬೇಡ. ನಾಳ ತೆರೆದು ಒಂದು ತಿಂಗಳಾಗಿದೆ, ಮರುಹರಿವಿನ ಪೆಟ್ಟು ಬೀಳುವುದು ಬಹುಪಾಲು ಮೊದಲ ಕೆಲವು ನಿಮಿಷ, ಗಂಟೆಗಳಲ್ಲಿ. ಈಗ ತೋಳು ಬಿಗಿದರೆ ಏನೂ ಸಿಗುವುದಿಲ್ಲ. ರಕ್ತ ತೆಳುವಾಗುವ ಎರಡು ಮಾತ್ರೆ ತಿನ್ನುತ್ತಿರುವುದರಿಂದ ತೋಳು ಕಂದಿ ನೀಲಿಗಟ್ಟುತ್ತದೆ ಅಷ್ಟೇ.

ಇನ್ನು ಆ ಪಂಪಿಂಗ್ 38. ಅಂದರೆ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡ 38ರಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತಿದೆ. ಇದರಲ್ಲಿ ಆಸೆ ಇಟ್ಟುಕೊಳ್ಳಲು ನಿಜವಾದ ಕಾರಣ ಇದೆ. ರಕ್ತ ವಾಪಸ್ ಬಂದ ಸ್ನಾಯುವಿನಲ್ಲಿ ಒಂದಿಷ್ಟು ಸತ್ತಿರುತ್ತದೆ, ಇನ್ನೊಂದಿಷ್ಟು ಬದುಕಿದ್ದೂ ಕೆಲಸ ಮಾಡದೆ ಮರಗಟ್ಟಿರುತ್ತದೆ. ಇದನ್ನು ಸ್ಟನಿಂಗ್ ಅನ್ನುತ್ತೇವೆ. ಇದೂ ಮರುಹರಿವಿನ ಪೆಟ್ಟೇ, ಆದರೆ ವಾಸಿಯಾಗುವ ಪೆಟ್ಟು. ಆ ಸ್ನಾಯು ಎಚ್ಚರಗೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ತೆಗೆದ ಎಕೋ (ಹೃದಯದ ಸ್ಕ್ಯಾನ್) ಈ ಎರಡನ್ನೂ ಸೇರಿಸಿ ತೋರಿಸುತ್ತದೆ. ಹಾಗಾಗಿ 38 ಕೊನೆಯ ಲೆಕ್ಕವಲ್ಲ.

ಅಷ್ಟರಲ್ಲಿ ಉಳಿದ ಸ್ನಾಯು ಹಿಗ್ಗಿ ಸೋಲದ ಹಾಗೆ ನೋಡಿಕೊಳ್ಳುವ ಕೆಲಸ ಮಾತ್ರೆಗಳದ್ದು. ರಕ್ತ ತೆಳುವಾಗುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಹಲ್ಲು ಕೀಳಿಸಬೇಕು ಅಂತಲೋ, ಯಾರೋ ಹೇಳಿದರು ಅಂತಲೋ ನೀವೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಕೊಲೆಸ್ಟ್ರಾಲ್ ಮಾತ್ರೆ ಇನ್ನೊಂದು ಅಟ್ಯಾಕ್ ಆಗದ ಹಾಗೆ ಕಾಯಲು. ಬೀಟಾ ಬ್ಲಾಕರ್, ರಾಮಿಪ್ರಿಲ್ ಥರದ್ದು, ಸ್ಪಿರೊನೊಲ್ಯಾಕ್ಟೋನ್ ಥರದ್ದು, ಇವು ಪಂಪಿಂಗ್ ಕಡಿಮೆ ಇರುವವರ ಆಯಸ್ಸು ಹೆಚ್ಚಿಸುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಶುಗರಿಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಕೊಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಅವು ಶುಗರಿನ ಜೊತೆಗೆ ಪಂಪಿಂಗ್ ಕಡಿಮೆಯಾದ ಹೃದಯಕ್ಕೂ ಒಳ್ಳೆಯದು. ಅಪ್ಪ ಬೀಡಿ ಸಿಗರೇಟು ಸೇದುತ್ತಿದ್ದರೆ ಅದು ಪೂರ್ತಿ ನಿಲ್ಲಬೇಕು. ದಿನಾ ನಡೆಯಲಿ, ಮೊದಲು ಮನೆಯ ಅಂಗಳದಲ್ಲಿ, ಆಮೇಲೆ ತೋಟದವರೆಗೆ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ರಾತ್ರಿ ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಊದಿದರೆ, ಎರಡು ಮೂರು ದಿನದಲ್ಲಿ ಎರಡು ಕೆಜಿ ತೂಕ ಏರಿದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಸ್ಟೆಂಟ್ ಹಾಕಿದ ಆರರಿಂದ ಹನ್ನೆರಡು ವಾರದ ನಡುವೆ ಎಕೋ ಮತ್ತೊಮ್ಮೆ ಮಾಡಿಸಿ. ಹಳೆಯ ರಿಪೋರ್ಟ್ ಜೊತೆಗೆ ತೆಗೆದುಕೊಂಡು ಹೋಗಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಗೋಡೆಯ ಯಾವ ಭಾಗ ಮತ್ತೆ ಅಲುಗಾಡಲು ಶುರುಮಾಡಿದೆ ಅಂತ ತೋರಿಸಿ ಅಂತ ಕೇಳಿ. ಒಳ್ಳೆಯ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿ.